ಬಾಯಿಸಾಹೇಬರ ದಂಡದ ಸೀರೆ

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪ ಇಚಲಕರಂಜಿಯಲ್ಲಿ ಮಗ್ಗ ನಡೆಸಿದ. ಅವ್ವ ಇವತ್ತಿಗೂ ಕಬನೂರಿನ ಕಾರಖಾನೆಯೊಂದರಲ್ಲಿ ಮೆಂಡಿಂಗ್ ಮಾಡುತ್ತಾಳೆ. ಅಂದರೆ ಮಗ್ಗದಿಂದ ಇಳಿದ ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಬೆರಳಾಡಿಸಿ, ಗಂಟು ಸಿಕ್ಕಲ್ಲಿ ಚಿಮಟದಿಂದ ಕೀಳುವುದು. ನಾನು ದಿನಾ ಬಸ್ಸಿನಲ್ಲಿ ನಿಂತು ಕೊಲ್ಹಾಪುರಕ್ಕೆ ಹೋಗಿಬಂದು ಇತಿಹಾಸದಲ್ಲಿ ಎಂ.ಎ. ಮುಗಿಸಿದೆ. ಅಲ್ಲಿಯದೇ ಒಂದು ಸಣ್ಣ ಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಾಗ ಅವ್ವ ಕೇಳಿದ್ದು ಒಂದೇ ಮಾತು: “ಕುಂತು ಮಾಡೂ ಕೆಲಸ ಹೌದಿಲ್ಲ?”

ಕೆಲಸಕ್ಕೆ ಸೇರಿದ ವರ್ಷವೇ ಗಡಹಿಂಗ್ಲಜದ ವಾಡೆಯೊಂದರಿಂದ ಒಂದು ದೊಡ್ಡ ಟ್ರಂಕು ಬಂತು. ಹಿಂದಿನ ಕಾಲದಲ್ಲಿ ಆ ವಾಡೆಯ ಪಡಸಾಲೆಯಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದ ಮನೆಯೊಡತಿ ಬಾಯಿಸಾಹೇಬರ ಬಟ್ಟೆಗಳು ಅದರಲ್ಲಿದ್ದವು. ಜನ ಅವರನ್ನು ಕಂಡದ್ದು ತೈಲಚಿತ್ರದಲ್ಲಿ ಮಾತ್ರ: ಜರಿಯ ಪೈಠಣಿ ಸೀರೆ, ಮುತ್ತಿನ ನತ್ತು, ಬಿಗಿದ ತುಟಿ. ಟ್ರಂಕಿನೊಳಗಿನ ಬಾಯಿಸಾಹೇಬರು ಬೇರೆಯೇ. ಪೈಠಣಿಗಳು ಮಡಿಕೆಯಲ್ಲೇ ಮುಪ್ಪಾಗಿದ್ದವು, ಉಟ್ಟ ಗುರುತು ಕಡಿಮೆ. ಹತ್ತಿಯ ಒಂಬತ್ತು ಗಜದ ಸೀರೆಗಳ ಕೆಳ ಅಂಚು ಮಾತ್ರ ನಡೆದು ನಡೆದು ಸವೆದು ನೂಲೆದ್ದಿತ್ತು. ಹರೆಯದ ಕುಪ್ಪಸಗಳಿಗೆ ಎದೆಯ ಮೇಲೆ ಗಂಟು, ಮೊಳಕೈಗಿಂತ ಮೇಲಿನ ತೋಳು. ಆಮೇಲಿನ ಜಂಪರುಗಳಿಗೆ ಗುಂಡಿ, ಉದ್ದ ತೋಳು, ಒಳಗಡೆ ಕೈಯಿಂದ ಹೊಲಿದ ಪುಟ್ಟ ಕಿಸೆ. ಮನೆಯಿಂದ ಹೊರಗೆ ಬಂದ ಹೆಂಗಸಿನ ಉಡುಪು ಅದು ಎಂದು ನಾನು ವಹಿಯಲ್ಲಿ ಬರೆದೆ.

ತಳದಲ್ಲಿ ಒಂದು ವಿಚಿತ್ರ ಸೀರೆ ಇತ್ತು. ಅರ್ಧ ಹಸಿರು, ಕಾಳು ಪೋಣಿಸಿದಂಥ ರುದ್ರಾಕ್ಷಿ ಅಂಚು. ಇನ್ನರ್ಧ ಕೆಂಪು, ಸಾದಾ ಅಂಚು. ಸಂಗ್ರಹಾಲಯದ ನಮ್ಮ ಸಾಹೇಬರು ಕಣ್ಣರಳಿಸಿ ಇದೊಂದು ಅಪರೂಪದ ನೇಯ್ಗೆ, ಪ್ರದರ್ಶನದಲ್ಲಿ ನಟ್ಟನಡುವೆ ಇಡೋಣ ಎಂದರು. ನನಗೆ ನಗು ಬಂತು.

“ಸರ್, ಇದು ನೇಯ್ಗೆ ಅಲ್ಲ. ದಂಡ ಹಾಕಿದ ಸೀರೆ.”

“ದಂಡ? ಮ್ಹಣಜೆ ಕಾಯ್?” ಎಂದರು. ಹಾಗೆಂದರೇನು ಎಂಬುದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಎರಡು ಹಳೆಯ ಸೀರೆಗಳ ಸವೆದ ಭಾಗ ಕತ್ತರಿಸಿ ತೆಗೆದು, ಗಟ್ಟಿ ಉಳಿದ ಭಾಗಗಳನ್ನು ಜೋಡಿಸಿ ಒಂದು ಸೀರೆ ಮಾಡುವುದು ದಂಡ. ನಮ್ಮ ಅಜ್ಜಿ ಸಾಯುವ ತನಕ ಉಟ್ಟದ್ದು ಅದನ್ನೇ. ಹೊಲಿಗೆ ಯಾರಿಗೂ ಕಾಣದಂತೆ ಕಚ್ಚೆಯೊಳಗೆ ಸಿಕ್ಕಿಸುತ್ತಿದ್ದಳು. ಕಂಡರೆ ನೀರಿನ ನಳದ ಹತ್ತಿರ ಹೆಂಗಸರು, “ಏನ ಆಯಿ, ಇವತ್ತ ಎರಡ ಸೀರಿ ಉಟ್ಟ ಬಂದೀಯಲ್ಲ!” ಎಂದು ಚೇಷ್ಟೆ ಮಾಡುತ್ತಿದ್ದರು.

ನಾನು ವಿವರಿಸಿದ ಕೂಡಲೇ ಸಾಹೇಬರ ಮುಖ ಇಳಿಯಿತು. ಹಾಗಾದರೆ ಇದು ಕೆಲಸದವಳದು, ಟ್ರಂಕಿನಲ್ಲಿ ತಪ್ಪಿ ಸೇರಿರಬೇಕು, ತೆಗೆದಿಡು ಎಂದರು. ನಾನೂ “ಹೌದು ಸರ್” ಎಂದೆ. ನನ್ನ ತಪ್ಪು ಅದೇ. ದಂಡ ಎಂದರೆ ನಮ್ಮಂಥವರ ಮನೆಯದು, ವಾಡೆಯಲ್ಲಿ ಅದು ಹೇಗೆ ಇದ್ದೀತು ಎಂದು ಓದಿದ ನನಗೂ ಅನಿಸಿಬಿಟ್ಟಿತ್ತು.

ಮನೆಗೆ ಹೋಗಿ ಅವ್ವನಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ.

“ಫೋಟೋದಾಗ ಏನ ತಿಳೀತೈತಿ? ಅರಿವಿ ಬೆರಳಿಗೆ ಹತ್ತಬೇಕು,” ಎಂದಳು. ಮೊಬೈಲು ನನ್ನ ಕೈಗೆ ಮರಳಿಸುತ್ತ ಕೇಳಿದಳು: “ಕೆಲಸದಾಕಿ ತನ್ನ ಸೀರಿ ಬಾಯಿಸಾಹೇಬರ ಟ್ರಂಕಿನ್ಯಾಗ ಇಡತಾಳೇನ? ಒಳಗ ಕೈ ಹಾಕಿದ್ರ ಸುಮ್ನ ಬಿಡತಿದ್ರೇನ? ಎಂ.ಎ. ಮಾಡೀದಿ, ಇಷ್ಟ ತಿಳೀಲಿಲ್ಲ?”

ಮಗ್ಗದ ರಜೆಯ ದಿನ ಅವಳನ್ನು ಕರೆದುಕೊಂಡು ಹೋದೆ. ಕೈಗೆ ಬಿಳಿ ಕೈಗವಸು ಹಾಕಿಕೊಳ್ಳಬೇಕು ಎಂದರೆ ಅವ್ವ ಒಪ್ಪಲಿಲ್ಲ. “ಕಣ್ಣ ಕಟ್ಟಿ ನೋಡಂದಂಗಾತು.” ಸೋಪು ಹಚ್ಚಿ ಎರಡು ಸಲ ಕೈ ತೊಳೆದು, ಒರೆಸಿ, ಸಾಹೇಬರ ಮುಂದೆ ಎರಡೂ ಅಂಗೈ ಚಾಚಿದಳು. ಅವರು ನಕ್ಕು, “ಬಘಾ ಮಾವಶಿ,” ಮುಟ್ಟಿಯೇ ನೋಡಿ ಎಂದು ಒಪ್ಪಿದರು.

ಅವ್ವ ಸೀರೆಯ ಮೇಲ್ಮೈ ನೋಡಲೇ ಇಲ್ಲ. ಹೊಲಿಗೆಯನ್ನು ಮಗುಚಿ, ಒಳಗೆ ಮಡಚಿದ ಬೆರಳಗಲದ ಬಟ್ಟೆಯನ್ನು ಬಿಡಿಸಿದಳು. ಹೊರಗೆ ಮಾಸಿದ್ದ ಹಸಿರು ಅಲ್ಲಿ ಗಿಣಿಯಷ್ಟು ಕಡುವಾಗಿತ್ತು, ಕೆಂಪು ಕುಂಕುಮದಷ್ಟು.

“ಇಲ್ಲಿ ನೋಡ. ಹೊಲಿಗಿ ಹಾಕಿದಾಗಿಂದ ಇದು ಬಿಸಿಲ ಕಂಡಿಲ್ಲ, ನೀರ ಕಂಡಿಲ್ಲ. ಕತ್ತರಿ ಹಾಕಿದಾಗ ಅರಿವಿ ಹೆಂಗಿತ್ತೊ ಹಂಗ ಐತಿ. ಹರದ ಸೀರಿಗೆ ದಂಡ ಹಾಕಿದ್ದಲ್ಲ ಇದು. ಹೊಸಾ ಸೀರಿ ಕತ್ತರಿಸ್ಯಾಳ, ಎರಡೂ!”

ಆಮೇಲೆ ಜಂಪರಿನ ಒಳಕಿಸೆಯ ಮೇಲೆ ಉಗುರು ಓಡಿಸಿದಳು. ಎರಡು ಹೊಲಿಗೆ ಮುಂದೆ, ಒಂದು ಹಿಂದೆ. ಸೀರೆಯ ಜೋಡಣೆಯಲ್ಲೂ ಅದೇ. “ಕೈ ಒಂದ. ಒಳಕಿಸೆ ಯಾವಾಕಿನೂ ಮಂದಿ ಕೈಲೆ ಹೊಲಿಸೂದಿಲ್ಲ. ಇದು ಬಾಯಿಸಾಹೇಬರದ ಕೈ.”

ಸಾಹೇಬರು ಕುರ್ಚಿ ಎಳೆದುಕೊಂಡು ಕುಳಿತರು. ಹೊಸ ಸೀರೆಗಳನ್ನು ಯಾಕೆ ಕತ್ತರಿಸಬೇಕಿತ್ತು ಎಂದು ಕೇಳಿದರು. ಅವ್ವ ಮರಾಠಿಯಲ್ಲೇ ತಿರುಗಿ ಕೇಳಿದಳು: ಎರಡು ಸೀರೆಯಲ್ಲಿ ಒಂದು ಆಯಿತು, ಉಳಿದ ಎರಡು ಅರ್ಧ ಎಲ್ಲಿ ಹೋದವು?

ಆಗ ನನಗೆ ನೆನಪಾಯಿತು. ಟ್ರಂಕಿನ ಜೊತೆಗೇ ಶಾಲೆಯ ಒಂದು ಫೋಟೋ ಬಂದಿತ್ತು. ಪಡಸಾಲೆಯ ಮೆಟ್ಟಿಲ ಮೇಲೆ ಸಾಲಾಗಿ ನಿಂತ ಹುಡುಗಿಯರು. ಭೂತಗನ್ನಡಿ ಹಿಡಿದು ನೋಡಿದೆವು. ಫೋಟೋದಲ್ಲಿ ಬಣ್ಣವಿಲ್ಲ, ಅಂಚು ಇದೆ. ಒಂದು ತುದಿಗೆ ನಿಂತ, ಕಾಲಲ್ಲಿ ಚಪ್ಪಲಿಯಿಲ್ಲದ ಮೂವರು ಹುಡುಗಿಯರ ಪರಕರಕ್ಕೆ, ಅಂದರೆ ಲಂಗಕ್ಕೆ, ಅದೇ ರುದ್ರಾಕ್ಷಿ ಅಂಚು. ಕಣ್ಣು ಕೀಲಿಸಿ ಎಣಿಸಿದೆ, ಸೀರೆಯ ಅಂಚಿನ ಎರಡು ಗೆರೆಗಳ ನಡುವೆ ಎಷ್ಟು ಕಾಳೋ ಅಲ್ಲಿಯೂ ಅಷ್ಟೇ. ಉಳಿದ ಅರ್ಧ ಹೋದದ್ದು ಅಲ್ಲಿಗೆ: ಹುಡುಗಿಯರಿಗೆ ಹೊಸ ಬಟ್ಟೆ, ಬಾಯಿಸಾಹೇಬರಿಗೆ ದಂಡ.

ನಾನು ಶಾಲೆಗೆ ಹೋದದ್ದು ಕಾರಖಾನೆಯಲ್ಲಿ ಕಲೆ ಬಿದ್ದು ಉಳಿದ ಬಟ್ಟೆಯ ಸ್ಕರ್ಟಿನಲ್ಲಿ. ಕಲೆಯ ಮೇಲೆ ಅವ್ವ ನೆರಿಗೆ ಕೂರಿಸುತ್ತಿದ್ದಳು, ಯಾರಿಗೂ ಕಾಣುತ್ತಿರಲಿಲ್ಲ. ಭೂತಗನ್ನಡಿಯನ್ನು ಅವ್ವನ ಕೈಗೆ ಕೊಟ್ಟೆ. ಅವಳು ಆ ಮೂವರನ್ನು ನೋಡಿ ಅಂದಳು: “ಪರಕರದ ನಿರಿಗಿ ಚಲೋ ಹಿಡದಾಳ ನೋಡ.”

ಸೀರೆ ಪ್ರದರ್ಶನಕ್ಕೆ ಮರಳಿತು, ನಟ್ಟನಡುವಿನ ಗಾಜಿನ ಪೆಟ್ಟಿಗೆಗೆ. ಪಕ್ಕದಲ್ಲಿ ಆ ಫೋಟೋ. ಫಲಕದ ಬರಹ ನನ್ನದು, ಮರಾಠಿಯಲ್ಲೂ ಕನ್ನಡದಲ್ಲೂ. ಕೊನೆಯ ಸಾಲು: “ಇದನ್ನು ಗುರುತಿಸಿದವರು ಕಬನೂರಿನ ಮೆಂಡಿಂಗ್ ಕೆಲಸಗಾರ್ತಿ.” ಆ ಸಾಲು ಬೇಕೇ ಎಂದು ಸಾಹೇಬರು ಕೇಳಿದರು. ಬೇಕು ಎಂದೆ. ಈ ಸಲ “ಹೌದು ಸರ್” ಎನ್ನಲಿಲ್ಲ.

ಪ್ರದರ್ಶನ ತೆರೆಯುವ ದಿನ ಬೆಳಿಗ್ಗೆ ಅವ್ವ ಗಾಜಿನ ಮುಂದೆ ನಿಂತು ಹುಬ್ಬು ಗಂಟಿಕ್ಕಿದಳು. ಸೀರೆಯನ್ನು ಚಂದವಾಗಿ ಮಡಚಿ, ಹೊಲಿಗೆ ಒಳಗೆ ಹೋಗುವಂತೆ ಇಟ್ಟಿದ್ದರು, ನಮ್ಮ ಅಜ್ಜಿ ಉಡುತ್ತಿದ್ದ ಹಾಗೆಯೇ.

“ಇದನ್ನ್ಯಾಕ ಮುಚ್ಚೀರಿ?” ಎಂದಳು. “ತಗೀರಿ. ಹೊಲಿಗಿ ಮ್ಯಾಲೆ ಬರಲಿ.”

ಸಾಹೇಬರು ತಾವೇ ಬೀಗದ ಕೈ ತಂದರು.