ಗಂಗಾಂಬಿಕಾ ಅತ್ತೆಗೆ ಕಲಿಸಿದ ಇಂಗ್ಲಿಷ್

ಗಂಗಾಂಬಿಕಾ ಒಳ್ಳೆಯವಳೋ ಕೆಟ್ಟವಳೋ ಎಂಬ ಮಾತು ಬಂದರೆ ನಮ್ಮ ಬೀದಿ ಈಗಲೂ ಎರಡು ಪಾಲಾಗುತ್ತದೆ. ನಾನು ಯಾವ ಪಾಲಿನವಳೂ ಅಲ್ಲ. ಚಳ್ಳಕೆರೆಯಲ್ಲಿ ಅವರ ಮನೆಗೆ ಎದುರುಮನೆ ನಮ್ಮದು. ಅತ್ತೆ ಜಗದಾಂಬಮ್ಮನ ಆರ್ಭಟವನ್ನೂ ಕೇಳಿದ್ದೇನೆ, ಸೊಸೆ ಗಂಗಾಂಬಿಕಾಳ ಮೆತ್ತನೆಯ ಮಾತನ್ನೂ ಕೇಳಿದ್ದೇನೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಮಾತ್ರ ನನ್ನನ್ನು ಕೇಳಬೇಡಿ. ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದದ್ದು ಗಂಗಾಂಬಿಕಾಳೇ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದ್ದು. ಅಳುತ್ತಾ ಹೇಳಲಿಲ್ಲ. ನನಗೆ ಸಿಟ್ಟು ಬಂದದ್ದೂ ಅದಕ್ಕೇ.

ಶುರುವಾದದ್ದು ಮಗಳು ದೀಪಿಕಾಳ ಸ್ಕೂಲಿನಲ್ಲಿ. ಗಂಗಾಂಬಿಕಾಳ ಗಂಡ ಸಿದ್ದಲಿಂಗೇಶನಿಗೆ ಶೇಂಗಾ ಎಣ್ಣೆಯ ಮಿಲ್ಲು ಇದೆ. ಇರುವ ಒಬ್ಬಳೇ ಮಗಳನ್ನು ಊರ ಹೊರಗಿನ ದೊಡ್ಡ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹಾಕಿದ್ದ. ಪೋಷಕರ ಸಭೆಗೆ ಗಂಗಾಂಬಿಕಾ ಹೋದಾಗ ಮಿಸ್ಸು ಇಂಗ್ಲಿಷಿನಲ್ಲಿ ಮಗಳ ಮೇಲೆ ಏನೋ ದೂರು ಹೇಳಿದರು. ಅದು ದೂರು ಎಂದೂ ತಿಳಿಯದೆ ಇವಳು ನಗುನಗುತ್ತಾ "ಎಸ್, ಥ್ಯಾಂಕ್ಯೂ" ಅಂದಳು. ಪಕ್ಕದಲ್ಲಿದ್ದ ತಾಯಂದಿರು ಮುಖ ಮುಖ ನೋಡಿಕೊಂಡು ನಕ್ಕರು. ವಾಪಸ್ಸು ಬರುವಾಗ ಆಟೋದಲ್ಲಿ ದೀಪಿಕಾ ಆಚೆ ಮುಖ ತಿರುಗಿಸಿ ಕೂತವಳು ಮನೆ ಬಾಗಿಲಲ್ಲಿ ಇಳಿದ ಮೇಲೆ ಬಾಯಿ ಬಿಟ್ಟಳು.

"ಇನ್ಮೇಲೆ ನೀ ಬರಬ್ಯಾಡ ಮಮ್ಮಿ. ಪಪ್ಪನ್ನ ಕಳ್ಸು. ನಂಗೆ ನಾಚಿಕೆ ಆಗ್ತೈತೆ."

ಹಜಾರದಲ್ಲಿ ಇದನ್ನು ಕೇಳಿಸಿಕೊಂಡ ಜಗದಾಂಬಮ್ಮ ಬೀದಿಗೆಲ್ಲ ಕೇಳುವ ಹಾಗೆ ನಕ್ಕರು. "ಕನ್ನಡಾನೇ ನೆಟ್ಟಗೆ ಬರಲ್ಲ ಇವಳಿಗೆ, ಇಂಗ್ಲಿಷ್ ಬೇರೆ ಕೇಡು!"

ಆ ಮನೆಯಲ್ಲಿ ಗಂಗಾಂಬಿಕಾಳಿಗೆ ತನ್ನವರು ಎಂದು ಇದ್ದದ್ದು ಆ ಮಗಳೊಬ್ಬಳೇ. ಗಂಡ ಬೆಳಿಗ್ಗೆ ಮಿಲ್ಲಿಗೆ ಹೋದರೆ ರಾತ್ರಿ ಊಟಕ್ಕೆ ಬರುವ ಗಿರಾಕಿ. ಮಗಳೂ ಕೈಬಿಟ್ಟರೆ ತಾನು ಯಾರಿಗೂ ಏನೂ ಅಲ್ಲ ಎಂಬ ಭಯ ಅವಳನ್ನು ಹಿಡಿಯಿತು. ಇಂಗ್ಲಿಷ್ ಕಲಿತೇ ತೀರಬೇಕು, ಮಗಳು ತಾನಾಗಿ ಬಂದು "ಮಮ್ಮಿ, ಸ್ಕೂಲಿಗೆ ಬಾ" ಎಂದು ಕರೆಯಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ, ಬೇರೆ ಯಾವ ಒಡವೆ ವಸ್ತ್ರದ ಆಸೆಯೂ ಅವಳಿಗಿರಲಿಲ್ಲ.

ಅತ್ತೆಯ ಮೇಲಿನ ಸಿಟ್ಟು ಹಳೆಯದು. ಗಂಗಾಂಬಿಕಾಳ ತವರು ಮೊಳಕಾಲ್ಮೂರು; ಅಪ್ಪ ಅಜ್ಜಪ್ಪನವರದು ರೇಷ್ಮೆ ಸೀರೆ ವ್ಯಾಪಾರ. ಆಂಧ್ರ ಅಲ್ಲೇ ಮಗ್ಗುಲಲ್ಲಿ. ಆ ಮನೆಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ಮದುವೆಯಾಗಿ ಬಂದ ವಾರದಲ್ಲೇ ಜಗದಾಂಬಮ್ಮ ತಾಕೀತು ಮಾಡಿದ್ದರು: "ಆ ಭಾಷೆ ಹೊಸ್ತಿಲಾಚೆ ಬಿಟ್ಟು ಒಳಗೆ ಬಾ." ತವರಿಗೆ ಫೋನು ಮಾಡಿದರೂ ಅತ್ತೆಯ ಎದುರು, ಅತ್ತೆಯ ಮೊಬೈಲಿನಲ್ಲಿ, ಕನ್ನಡದಲ್ಲೇ. ಅಜ್ಜಪ್ಪನವರು ಕೊನೆಗಾಲದಲ್ಲಿ ಮರೆವು ಬಂದು ಮಲಗಿದರು; ಹೋಗಿ ನೋಡಿಬರಲು ಅತ್ತೆ ಕಳಿಸಲಿಲ್ಲ. ಕನ್ನಡ ಪೂರ್ತಿ ಮರೆತುಹೋಗಿ ತೆಲುಗು ಮಾತ್ರ ಉಳಿದಿತ್ತು. ಫೋನಿನಲ್ಲಿ ಇವಳು "ಅಪ್ಪಾ, ನಾನು ಗಂಗಾ" ಎಂದರೆ ಅವರು "ಎವರಮ್ಮಾ ನುವ್ವು?" ಎಂದು ಕೇಳಿದರು, ನೀನು ಯಾರಮ್ಮಾ ಎಂದು. ಎರಡು ಮಾತು ತೆಲುಗಿನಲ್ಲಿ ಆಡಿದ್ದರೆ ಗುರುತು ಸಿಗುತ್ತಿತ್ತು. ಜಗದಾಂಬಮ್ಮ ಅಲ್ಲೇ ಶೇಂಗಾ ಸುಲಿಯುತ್ತಾ ದುರುಗುಟ್ಟಿ ನೋಡುತ್ತಿದ್ದರು. ಇವಳು ಕನ್ನಡದಲ್ಲೇ ಹೇಳಿದ್ದನ್ನೇ ಹೇಳಿದಳು. ಮಗಳು ಯಾರೆಂದು ತಿಳಿಯದೆಯೇ ಆ ಮನುಷ್ಯ ಹೋದರು. ಈ ಒಂದು ವಿಷಯಕ್ಕೆ ಜಗದಾಂಬಮ್ಮನನ್ನು ನಾನೂ ಕ್ಷಮಿಸುವುದಿಲ್ಲ.

ಸ್ಕೂಲಿನ ಆ ಅವಮಾನವಾದ ಮುಂದಿನ ಬೇಸಿಗೆಯಲ್ಲಿ ಜಗದಾಂಬಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ನಾಲಿಗೆ ತೊದಲಿತು. ಡಾಕ್ಟರು ಮನೆಯವರಿಗೆ ಹೇಳಿದರು: "ಸುಮ್ನೆ ಮಲಗಿಸಬೇಡಿ, ಮಾತಾಡಿಸ್ತಾ ಇರಿ. ಏನಾದ್ರೂ ಸರಿ, ನೀವು ಹೇಳಿ, ಅವರಿಂದ ಹೇಳಿಸಿ." ಮೈ ತೊಳೆಯಲು ನನ್ನಿವಾಳದಿಂದ ರಂಗಕ್ಕ ಎಂಬಾಕೆ ದಿನಾ ಬಸ್ಸಿಗೆ ಬರುತ್ತಿದ್ದಳು. ಊಟ, ಔಷಧಿ, ಮಾತು ಸೊಸೆಯ ಪಾಲಿಗೆ ಬಂದವು.

ಅದೇ ಹೊತ್ತಿಗೆ ಗಂಗಾಂಬಿಕಾಳ ಕೈಗೆ ಸ್ವಂತ ಮೊಬೈಲು ಬಂದಿತ್ತು. ಅದರಲ್ಲಿ ಒಬ್ಬ ಮೇಷ್ಟ್ರು ದಿನಬಳಕೆಯ ಇಂಗ್ಲಿಷ್ ಪಾಠ ಮಾಡುತ್ತಿದ್ದ. ದೊಡ್ಡ ದೊಡ್ಡ ಪದ ಬೇಡ, ಗೆಟ್, ಪುಟ್, ಟರ್ನ್, ಥ್ರೋ ಇಂಥ ಸಣ್ಣ ಪದಗಳಿಗೆ ಒಂದು ಅಪ್ಪೋ ಔಟೋ ಸೇರಿಸಿದರೆ ಅರ್ಧ ಸಂಸಾರ ನಡೆಸಬಹುದು ಎನ್ನುತ್ತಿದ್ದ. ವೇಕ್ ಅಪ್ ಎಂದರೆ ಎಚ್ಚರವಾಗು, ಸಿಟ್ ಅಪ್ ಎಂದರೆ ಎದ್ದು ಕೂತುಕೋ, ಟರ್ನ್ ಓವರ್ ಎಂದರೆ ಮಗ್ಗುಲಾಗು. ಪುಟ್ ಆನ್ ಎಂದರೆ ತೊಟ್ಟುಕೋ, ಅದೇ ಪುಟ್ ಆಫ್ ಎಂದರೆ ಮುಂದೂಡು, ಪುಟ್ ಅಪ್ ವಿತ್ ಎಂದರೆ ಸಹಿಸಿಕೋ. ಮನೆಮಂದಿಯ ಮೇಲೆ ದಿನಾ ಬಳಸಿ ನೋಡಿ, ಬರದಿದ್ದರೆ ಕೇಳಿ ಎಂದು ಕೊನೆಯಲ್ಲಿ ಹೇಳುತ್ತಿದ್ದ. ಹಗಲಿನಲ್ಲಿ ಆ ಮನೆಯಲ್ಲಿ ಇದ್ದ ಮನೆಮಂದಿ ಎಂದರೆ ಮಂಚದ ಮೇಲಿನ ಅತ್ತೆ.

ಮೊದಮೊದಲು ಅದರಲ್ಲಿ ಕೇಡೇನೂ ಇರಲಿಲ್ಲ. ವೇಕ್ ಅಪ್ ಎನ್ನುತ್ತಾ ಎಬ್ಬಿಸುವುದು, ಟರ್ನ್ ಓವರ್ ಎನ್ನುತ್ತಾ ಮಗ್ಗುಲು ಬದಲಿಸುವುದು. ಒಂದು ದಿನ ಜಗದಾಂಬಮ್ಮ ಉಪ್ಪು ಸಾಲದು ಎಂದು ಗಂಜಿಯನ್ನು ಅವಳ ಸೀರೆಯ ಮೇಲೇ ಉಗಿದರು. ಗಂಗಾಂಬಿಕಾ ಬಾಯಿ ಒರೆಸುತ್ತಾ, ಕೂಸಿಗೆ ಹೇಳುವಷ್ಟು ಮೆತ್ತಗೆ, "ಶಟ್ ಅಪ್" ಅಂದಳು. ಬಾಯಿ ಮುಚ್ಚು ಎಂದು. ಕನ್ನಡದಲ್ಲಿ ಅತ್ತೆಗೆ ಬರ್ರಿ, ಹೋಗ್ರಿ, ಉಣ್ರಿ ಬಿಟ್ಟು ಬೇರೆ ಮಾತು ಅವಳ ಬಾಯಲ್ಲಿ ಯಾವತ್ತೂ ಬಂದದ್ದಲ್ಲ. ಡಾಕ್ಟರು ಹೇಳಿದ್ದನ್ನು ನೆನೆದು ಜಗದಾಂಬಮ್ಮ "ಸಟ್ಟಪ್ಪು" ಎಂದು ವಾಪಸ್ಸು ಹೇಳಿದರು. ನೆಲ ಒರೆಸುತ್ತಿದ್ದ ರಂಗಕ್ಕ ತಲೆಯೆತ್ತಿ ನಕ್ಕಳು.

"ನೋಡ್ರಿ ಅಮ್ಮೋರೆ, ನಿಮ್ ಸೊಸಿ ಎಷ್ಟ್ ನಯವಾಗಿ ಕಲಿಸ್ತಾಳೆ!"

ಆವತ್ತಿನಿಂದ ಹಿಡಿದದ್ದು ಚಟವೇ ಸರಿ. ಮೇಷ್ಟ್ರ ಪಾಠ ಬರೀ ನೆಪವಾಯಿತು. ಅವಳು ತಾನೇ ವಾಕ್ಯ ಕಟ್ಟತೊಡಗಿದಳು, ಅತ್ತೆ ತನ್ನ ಬಾಯಿಂದಲೇ ತನ್ನನ್ನು ಹಳಿದುಕೊಳ್ಳುವ ಹಾಗೆ. ಕಾಲಿಗೆ ಎಣ್ಣೆ ತಿಕ್ಕುತ್ತಾ ಹೇಳಿಕೊಡುವುದು, ಅತ್ತೆ ತೊದಲುತ್ತಾ ಒಪ್ಪಿಸುವುದು. "ಐ ಕಾಂಟ್ ಗೆಟ್ ಅಪ್," ನಾನು ಏಳಲಾರೆ. "ಐ ಈಟ್ ಅಪ್ ಎವೆರಿಥಿಂಗ್," ಇದ್ದಬದ್ದದ್ದೆಲ್ಲ ತಿಂದು ಮುಗಿಸುತ್ತೇನೆ. "ನೋಬಡಿ ಪುಟ್ಸ್ ಅಪ್ ವಿತ್ ಮಿ," ನನ್ನನ್ನು ಯಾರೂ ಸಹಿಸುವುದಿಲ್ಲ. "ಪ್ಲೀಸ್ ಥ್ರೋ ಮಿ ಔಟ್," ದಯವಿಟ್ಟು ನನ್ನನ್ನು ಹೊರಗೆ ಎಸೆಯಿರಿ.

"ಅಂದ್ರೇನೇ ಗಂಗಾ?" ಎಂದು ಜಗದಾಂಬಮ್ಮ ಕೇಳುತ್ತಿದ್ದರು.

"ನಾನು ಆರಾಮಾಗಿದೀನಿ ಅಂತ ರೀ. ಹೊಟ್ಟೆತುಂಬ ಉಣ್ತೀನಿ ಅಂತ. ನನ್ ಸೊಸೆಯಷ್ಟು ಚೆನ್ನಾಗಿ ನನ್ನನ್ನ ಯಾರೂ ನೋಡ್ಕೊಳ್ಳಲ್ಲ ಅಂತ. ಕೊನೇದು, ದೇವರು ಕಾಪಾಡಲಿ ಅಂತ."

ಜಗದಾಂಬಮ್ಮ ನಂಬಿದರು. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಆ ಹೆಂಗಸು ಬದುಕಿನಲ್ಲಿ ಯಾರನ್ನೂ ನಂಬಿದವರಲ್ಲ. ಹಾಲಿನವನು ಅಳೆದು ಕೊಟ್ಟ ಹಾಲನ್ನು ಮತ್ತೆ ಅಳೆಯುತ್ತಿದ್ದರು. ಈಗ ಮಗ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದ, ನೆಂಟರು ವಾಸನೆಗೆ ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಪಕ್ಕದಲ್ಲಿ ಕೂತು ನಗುಮುಖದಿಂದ ಮಾತಾಡಿಸುವವಳು ಸೊಸೆ ಒಬ್ಬಳೇ. ನಾನು ನೋಡಲು ಹೋದಾಗ ಎಡಗೈಯಿಂದ ನನ್ನ ಕೈ ಹಿಡಿದು ಹೇಳಿದರು: "ಈ ಹುಡುಗಿಗೆ ನಾನು ಬಾಳ ಅಂದುಬಿಟ್ಟೀನಿ ಕಣೇ. ಅದು ಮನಸಿಗೆ ಹಚ್ಕೊಂಡಿಲ್ಲ ನೋಡು." ನನಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಹೌದು ಅತ್ತೆಮ್ಮ, ಪುಣ್ಯ ಮಾಡಿದ್ರಿ ಎಂದು ಬಂದೆ.

ಇತ್ತ ಗಂಗಾಂಬಿಕಾಳ ಇಂಗ್ಲಿಷ್ ಸಲೀಸಾಯಿತು. ಸಿಟ್ಟಿನಲ್ಲಿ ಕಲಿತದ್ದು ಚೆನ್ನಾಗಿ ನಾಟುತ್ತದೆಯೋ ಏನೋ. ಮುಂದಿನ ಪೋಷಕರ ಸಭೆಗೆ ಅವಳು ಗಂಡನ ಜೊತೆ ಹೋಗಿ ಮಿಸ್ಸಿನ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡಿದಳು, ತಡವರಿಸಿದರೂ ನಿಲ್ಲಿಸಲಿಲ್ಲ. ದೀಪಿಕಾ ಗೆಳತಿಯರನ್ನು ಎಳೆದುಕೊಂಡು ಬಂದು "ನನ್ ಮಮ್ಮಿ" ಎಂದು ತೋರಿಸಿದಳು. ಆ ರಾತ್ರಿ ಮಗಳು ಅವಳ ಪಕ್ಕದಲ್ಲೇ ಮಲಗಿದಳಂತೆ. ಬೇಕಾದದ್ದು ಸಿಕ್ಕಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು, ಅವಳು ನಿಲ್ಲಿಸಲಿಲ್ಲ. ಬೆಳಗಾದರೆ ಎಣ್ಣೆ ಬಟ್ಟಲು ಹಿಡಿದು ಮಂಚದ ಹತ್ತಿರ ಹೋಗಿ ಕೂರುತ್ತಿದ್ದಳು.

ಚಳಿಗಾಲದಲ್ಲಿ ಸ್ಕೂಲಿನವರು ಅಜ್ಜ-ಅಜ್ಜಿಯರ ದಿನ ಇಟ್ಟುಕೊಂಡರು. ನಮ್ಮ ಊರಿಗೆ ಇದು ಹೊಸ ಖಯಾಲಿ. ಮುದುಕರಿಗೆಲ್ಲ ಹಾರ ಹಾಕಿ, ವೇದಿಕೆಗೆ ಕರೆದು ಎರಡು ಮಾತಾಡಿಸುವುದು. ಜಗದಾಂಬಮ್ಮನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದರು. ಕೈಗೆ ಆಸರೆಯಾಗಿ ನಾನೂ ಹೋದೆ. ಮೊಳಕಾಲ್ಮೂರಿನ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು, ಸೊಸೆಯೇ ಉಡಿಸಿದ್ದಳು. ಸುಮ್ಮನೆ ಹಾರ ಹಾಕಿಸಿಕೊಂಡು ಬರುವುದು ಎಂದೇ ಗಂಗಾಂಬಿಕಾ ತಿಳಿದಿದ್ದಳು. ಆದರೆ ಅಜ್ಜಿ ಮೊಮ್ಮಗಳು ಇಬ್ಬರೂ ಗುಟ್ಟಾಗಿ ಮಾತಾಡಿಕೊಂಡಿದ್ದರು. "ನಂಗೂ ಇಂಗ್ಲಿಷ್ ಬರ್ತೈತೆ, ನಿಮ್ ಮಿಸ್ಸಿಗೆ ಹೇಳು. ನಿಮ್ಮವ್ವಂಗೆ ಮೊದ್ಲೇ ಹೇಳಬ್ಯಾಡ, ಖುಷಿಯಾಗ್ಲಿ" ಎಂದು ಜಗದಾಂಬಮ್ಮ ಹೇಳಿದ್ದರಂತೆ. ಏನು ಹೇಳುತ್ತೀಯ ಎಂದು ಮೊಮ್ಮಗಳು ಕೇಳಿದರೆ, ಅಲ್ಲೇ ಕೇಳುವಿಯಂತೆ ಎಂದಿದ್ದರು.

ಮೈಕಿನಲ್ಲಿ ಹೆಸರು ಕೂಗಿದಾಗ ಗಂಗಾಂಬಿಕಾ ಕುರ್ಚಿಯಿಂದ ಅರ್ಧ ಎದ್ದಳು. ಅಷ್ಟರಲ್ಲಿ ದೀಪಿಕಾ ಗಾಲಿಕುರ್ಚಿಯನ್ನು ವೇದಿಕೆಗೆ ಹತ್ತಿಸಿಯಾಗಿತ್ತು. ಮಗಳೇ ಅಜ್ಜಿಯ ಬಾಯಿಗೆ ಮೈಕು ಹಿಡಿದಳು. ಜಗದಾಂಬಮ್ಮ ಮೊದಲು ಕನ್ನಡದಲ್ಲಿ, "ಇದೆಲ್ಲ ನನ್ ಸೊಸೆ ಕಲಿಸಿದ್ದು" ಎಂದರು. ಆಮೇಲೆ ಕಣ್ಣು ಮುಚ್ಚಿಕೊಂಡು, ಮಂತ್ರ ಒಪ್ಪಿಸುವ ಹಾಗೆ ನಿಧಾನವಾಗಿ, ಒಂದಕ್ಷರ ಬಿಡದೆ ಎಲ್ಲ ಹೇಳಿದರು. ಐ ಕಾಂಟ್ ಗೆಟ್ ಅಪ್. ಐ ಈಟ್ ಅಪ್ ಎವೆರಿಥಿಂಗ್. ನೋಬಡಿ ಪುಟ್ಸ್ ಅಪ್ ವಿತ್ ಮಿ. ಪ್ಲೀಸ್ ಥ್ರೋ ಮಿ ಔಟ್. ಹೇಳಿ ಮುಗಿಸಿ ಎಡಗೈಯನ್ನು ಹಣೆಗೆ ಮುಟ್ಟಿಸಿ ಸಭೆಗೆಲ್ಲ ನಮಸ್ಕಾರ ಮಾಡಿದರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಾಕಿಯವರು ಉಸಿರೆತ್ತಲಿಲ್ಲ. ಚಪ್ಪಾಳೆ ತಟ್ಟಿದವನು ಸಿದ್ದಲಿಂಗೇಶ್ ಒಬ್ಬನೇ. ಅರ್ಥದ ಕಡೆ ಅವನ ಗಮನವಿರಲಿಲ್ಲ, ಅವ್ವ ಇಂಗ್ಲಿಷ್ ಆಡಿದ್ದೇ ಅವನಿಗೆ ದೊಡ್ಡದು. ಮಿಸ್ಸು ಓಡಿ ಬಂದು ಮೈಕು ತೆಗೆದುಕೊಂಡರು. ದೀಪಿಕಾ ವೇದಿಕೆಯ ಮೇಲಿಂದ ತಾಯಿಯನ್ನು ಹುಡುಕಿ ನೋಡಿದಳು. ಗಂಗಾಂಬಿಕಾ ಸೆರಗಿನ ತುದಿ ನೋಡುತ್ತಾ ಕೂತಿದ್ದಳು. ನನ್ನ ಪಕ್ಕದಲ್ಲಿದ್ದ ಯಾರೋ ಒಬ್ಬಾಕೆ ನನಗೆ ಅರ್ಥ ಬಿಡಿಸಿ ಹೇಳಿದಳು.

ದಾರಿಯುದ್ದಕ್ಕೂ ಜಗದಾಂಬಮ್ಮ ಕೇಳುತ್ತಲೇ ಇದ್ದರು: "ಚೆನ್ನಾಗಿ ಹೇಳಿದ್ನಾ? ತಪ್ಪಾತೇನೇ? ಜನ ಯಾಕೆ ಸುಮ್ಕಾದ್ರು?"

ಮಾರನೆಯ ಬೆಳಿಗ್ಗೆ ಗಂಜಿಯ ಹೊತ್ತಿಗೆ ನಾನು ಅವರ ಮನೆಯಲ್ಲೇ ಇದ್ದೆ. ಯೂನಿಫಾರಂ ತೊಟ್ಟ ದೀಪಿಕಾ ಅಜ್ಜಿಯ ಮಂಚದ ಮೇಲೆ ಹತ್ತಿ ಕೂತಳು. ಗಂಗಾಂಬಿಕಾ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಎದುರೇ ಆ ಮಗು ಒಂದೊಂದೇ ವಾಕ್ಯ ತೆಗೆದು ಅಜ್ಜಿಗೆ ಕನ್ನಡದಲ್ಲಿ ಅದರ ನಿಜವಾದ ಅರ್ಥ ಹೇಳಿತು. ನನ್ನನ್ನು ಹೊರಗೆ ಎಸೀರಿ ಅಂತ ಮಮ್ಮಿ ನಿನ್ನ ಬಾಯಲ್ಲೇ ಹೇಳಿಸಿದ್ದಾಳೆ ಅಜ್ಜಿ, ಎಂದೂ ಹೇಳಿತು.

ಜಗದಾಂಬಮ್ಮ ಎಡಗೈ ಬೀಸಿ ಮೊಮ್ಮಗಳ ಕೆನ್ನೆಗೆ ಒಂದು ಬಿಟ್ಟರು.

"ಸುಳ್ಳಿ! ಹೆತ್ತವಳ ಮ್ಯಾಲೆ ಇಂಥ ಮಾತು ಆಡ್ತೀಯ? ನನ್ನ ಬಾಯಿಗೆ ತುತ್ತು ಇಡೋಳು ಅವಳೊಬ್ಬಳೇ." ಆಮೇಲೆ ಸೊಸೆಯ ಕಡೆ ತಿರುಗಿದರು. ಆ ಮುಖ ನೋಡಲಾಗುತ್ತಿರಲಿಲ್ಲ. "ನೀನೇ ಹೇಳು ಗಂಗಾ. ಇದು ಹೇಳೋದು ನಿಜವೇನೇ?"

ಗಂಗಾಂಬಿಕಾ ಅತ್ತೆಯನ್ನು ನೋಡಿದಳು, ಮಗಳನ್ನು ನೋಡಿದಳು. ಹೌದು ಎಂದರೆ ಮಂಚದ ಮೇಲಿನ ಜೀವ ಅಲ್ಲೇ ಹೋಗುತ್ತಿತ್ತು. ಇಲ್ಲ ಎಂದರೆ ಮಗಳು. ಚಮಚದಿಂದ ಗಂಜಿ ಕಲಕುತ್ತಾ, ಎಂದಿನ ಮೆತ್ತನೆಯ ದನಿಯಲ್ಲೇ ಹೇಳಿದಳು:

"ಇಲ್ಲ ಅತ್ತೆ. ಅದಕ್ಕಿನ್ನೂ ಇಂಗ್ಲಿಷ್ ಸರಿಯಾಗಿ ಬರಲ್ಲ, ಬಿಡ್ರಿ."

"ನಂಗೊತ್ತಿತ್ತು," ಎಂದು ಜಗದಾಂಬಮ್ಮ ಗಂಜಿಗೆ ಬಾಯಿ ತೆರೆದರು.

ದೀಪಿಕಾ ಅಳಲಿಲ್ಲ. ಮಂಚದಿಂದ ಇಳಿದು, ಗೂಡಿನಲ್ಲಿದ್ದ ಬಾಚಣಿಗೆ, ರಿಬ್ಬನ್ನು ತೆಗೆದುಕೊಂಡು ನನ್ನ ಹಿಂದೆಯೇ ಬೀದಿ ದಾಟಿ ನಮ್ಮ ಮನೆಗೆ ಬಂದಳು. "ಆಂಟಿ, ಜಡೆ ಹಾಕ್ರಿ" ಅಂದಳು. ಈಗಲೂ ದಿನಾ ಸ್ಕೂಲಿಗೆ ಹೊರಡುವ ಮುಂಚೆ ಬರುತ್ತಾಳೆ. ಎದುರು ಬಾಗಿಲಲ್ಲಿ ಗಂಗಾಂಬಿಕಾ ಬಂದು ನಿಲ್ಲುತ್ತಾಳೆ, ಮಗಳು ಅತ್ತ ಬೆನ್ನು ಹಾಕಿ ಕೂರುತ್ತಾಳೆ, ನಾನು ಸಿಕ್ಕು ಬಿಡಿಸಿ ಜಡೆ ಹಾಕುತ್ತೇನೆ.