ಮೆಕ್ಸಿಕೋದ ಹಬ್ಬಕ್ಕೆ ಸುರಪುರಕ್ಕೆ ಹೋದದ್ದು

ಮೇ ಐದರಂದು ಬೆಳಿಗ್ಗೆ ಏಳೂವರೆಗೆ ಯಾದಗಿರಿಯಲ್ಲಿ ಶಹಾಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಪುಕ್ಕಟೆ ಪ್ರಯಾಣ. ಕಂಡಕ್ಟರ್ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟ. ಭೀಮಾ ಸೇತುವೆಯ ಕೆಳಗೆ ಬರೀ ಮರಳು, ಬಂಡೆ. ಅಷ್ಟು ಹೊತ್ತಿಗೇ ಕಿಟಕಿಯ ಸರಳು ಕೈ ಸುಡುತ್ತಿತ್ತು.

ಸುಶೀಲಾ ಮತ್ತು ನಾನು ಯಾದಗಿರಿಯ ಒಂದೇ ಶಾಲೆಯಲ್ಲಿ ಪಾಠ ಮಾಡಿದವರು. ಆಕೆ ಗಣಿತ, ನಾನು ಇತಿಹಾಸ. ನಿವೃತ್ತಿಯಾದ ಮೇಲೆ ಆಕೆ ಸುರಪುರದ ಅಣ್ಣನ ಮನೆ ಸೇರಿದಳು. ಹೋದ ವರ್ಷ ಇದೇ ದಿನ, ಆಕೆಯ ಕ್ಯಾನ್ಸರ್ ವಾಸಿಯಾಗಿದೆ ಎಂಬ ರಿಪೋರ್ಟ್ ಬಂದಿತ್ತು. ಖುಷಿಗೆ ಫೋನಿನಲ್ಲೇ ಮೆಕ್ಸಿಕೋದವರ ಮೇ ಐದರ ಹಬ್ಬದ ಕಥೆ ಹೇಳಿದ್ದೆ. ೧೮೬೨ರಲ್ಲಿ ಪ್ವೆಬ್ಲಾ ಎಂಬ ಊರಿನ ಮೇಲೆ ಫ್ರೆಂಚರ ಸೈನ್ಯ ಏರಿಬಂತು. ಹಳೆಯ ಬಂದೂಕು, ಮಚ್ಚು ಹಿಡಿದವರು ಅದನ್ನು ಹಿಮ್ಮೆಟ್ಟಿಸಿದರು. ಸುದ್ದಿ ಕೇಳಿ ದೂರದ ಕ್ಯಾಲಿಫೋರ್ನಿಯಾದಲ್ಲಿದ್ದ ಮೆಕ್ಸಿಕನ್ನರು ಸಂಭ್ರಮಿಸಿದರು. ಹಬ್ಬ ಬೇರೂರಿದ್ದು ಅಲ್ಲೇ.

“ಹಂಗಾರ ಇದು ನಮ್ಮ ಹಬ್ಬಾನೂ ಹೌದು ಬಿಡು,” ಎಂದಿದ್ದಳು. ಚಳಿಗಾಲದಲ್ಲಿ ರೋಗ ಮರಳಿತು. ಹೋದ ವಾರ ಫೋನ್ ಮಾಡಿ, “ನಮ್ಮ ಹಬ್ಬಕ್ಕ ಬಾರವಾ,” ಎಂದಳು.

ಶಹಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಹೋಟೆಲಿನಲ್ಲಿ ಮಂಡಕ್ಕಿ ಸುಸಲಾ, ಮಿರ್ಚಿ ತರಿಸಿದೆ, ತಿನ್ನದೆ ಎದ್ದುಬಂದೆ. ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟಕ್ಕೆ ಯಾವಾಗಲೂ ಕೈಮುಗಿಯುತ್ತೇನೆ. ಅಂದು ಆ ಕಡೆ ನೋಡಲಾಗಲಿಲ್ಲ. “ಪೇಶಂಟಿಗೇನ್ರಿ? ರಸ ಇರೋವು ಒಯ್ರಿ,” ಎಂದು ಹಣ್ಣಿನಾಕೆ ಮೋಸಂಬಿ ಆರಿಸಿಕೊಟ್ಟಳು.

ಸುರಪುರ ತಲುಪಿದಾಗ ಹತ್ತೂವರೆ. ಸುಶೀಲಾ ಗೋಡೆಗೊರಗಿ ಕೂತಿದ್ದಳು. ಸೀರೆಯೊಳಗೆ ಮೈ ಇತ್ತೋ ಇಲ್ಲವೋ ಎನ್ನುವಂತಿತ್ತು. ಅತ್ತಿಗೆ ತಂದ ಮೋಸಂಬಿ ರಸ ಎರಡು ಚಮಚಕ್ಕೇ ಸಾಕೆಂದಳು.

“ಆ ಲಡಾಯಿ ಆದಮ್ಯಾಲ ಏನಾತು?” ಎಂದು ಕೇಳಿದಳು.

“ಗೆದ್ರಲ್ಲ, ಅಷ್ಟ.”

“ಹುಡುಗ್ರಿಗೂ ಹಿಂಗ ಅರ್ಧಾನ ಹೇಳತಿದ್ದೇನು?”

“ಮರುವರ್ಷ ಫ್ರೆಂಚರು ಇನ್ನೂ ದೊಡ್ಡ ದಂಡು ತಗೊಂಡು ಬಂದ್ರು,” ಎಂದೆ. “ಊರವ್ರು ಬಡದಾಡಿದ್ರು. ಕಾಳು ತೀರಿತು, ಮದ್ದುಗುಂಡು ತೀರಿತು. ಶರಣಾದ್ರು.”

“ಎಷ್ಟ ದಿನಾ ತಡಕೊಂಡ್ರು?”

“ಎರಡು ತಿಂಗಳು.”

ಅತ್ತಿಗೆ ಒಳಗೆ ಹೋಗುವವರೆಗೆ ಸುಶೀಲಾ ಕಾದಳು. “ನನಗೂ ಡಾಕ್ಟರ್ ಅಷ್ಟ ಹೇಳ್ಯಾರ. ಒಬ್ಬಾಕಿನ ಹೋಗಿ ಕೇಳಿ ಬಂದೀನಿ. ಇವ್ರಿಗೆ ಗೊತ್ತಿಲ್ಲ.”

ಮತ್ತೆ ನಾಲ್ಕು ವರ್ಷಕ್ಕೆ ಫ್ರೆಂಚರು ಮೆಕ್ಸಿಕೋದಿಂದಲೇ ಕಾಲ್ಕಿತ್ತ ಸಂಗತಿ ಬಾಯಿಗೆ ಬಂತು. ಅಷ್ಟರೊಳಗೆ ಸತ್ತವರಿಗೆ ಅದರಿಂದೇನು? ನುಂಗಿಕೊಂಡೆ. ಅವಳ ಕೈ ಹಿಡಿದು ಮಧ್ಯಾಹ್ನವೆಲ್ಲ ಕೂತೆ. ಇಬ್ಬರೂ ಅಳಲಿಲ್ಲ.

ನಾಲ್ಕರ ಬಸ್ಸಿಗೆ ಹೊರಟೆ. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅತ್ತಿಗೆ ಹೊಸ್ತಿಲಲ್ಲಿ ನಿಂತು ನಗುತ್ತಾ ಕೂಗಿದರು: “ಮುಂದಿನ ವರ್ಷಾನೂ ಹಬ್ಬಕ್ಕ ಬರ್ರಿ, ಅಕ್ಕೋರ!”

“ಬರತೀನ್ರಿ,” ಎಂದೆ.