ಅಮ್ಮ ಯಾರಿಗೆ ಬೆಸಾಂವ್ ಕೊಟ್ಟಳು?

ದೆವ್ವ, ಆತ್ಮ ಎಂದರೆ ನಗುತ್ತಿದ್ದವಳು ನಾನು. ಸತ್ತವರ ಸಾಮಾನುಗಳ ನಡುವೆಯೇ ಹೊಟ್ಟೆ ಹೊರೆಯುವವಳು ಅಂಥ ಭಯ ಇಟ್ಟುಕೊಂಡರೆ ಕೆಲಸ ಸಾಗುವುದೂ ಇಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ.

ತೊಂಬತ್ತರ ದಶಕದ ಕೊನೆ. ಲಂಡನ್ನಿನ ಕಾಲೇಜೊಂದರ ನೆಲಮಾಳಿಗೆಯಲ್ಲಿ, ಉತ್ಖನನದಲ್ಲಿ ಸಿಕ್ಕ ವಸ್ತುಗಳ ಚಿತ್ರ ಬರೆಯುವುದು ನನ್ನ ಕೆಲಸ. ಆ ಚಳಿಗಾಲ ಬಂದದ್ದು ಮರುಭೂಮಿಯಲ್ಲಿ ಹೂತುಹೋಗಿದ್ದ, ಸುಮಾರು ಸಾವಿರದ ನಾನೂರು ವರ್ಷ ಹಿಂದಿನ ಬೈಜಾಂಟೈನ್ ಕಾಲದ ಕ್ರೈಸ್ತ ಮಠವೊಂದರ ಅವಶೇಷಗಳು. ಹಣತೆಯ ಚೂರುಗಳು, ಶಿಲುಬೆ ಕೆತ್ತಿದ ಕಲ್ಲು, ಸನ್ಯಾಸಿಗಳು ಮೊಣಕಾಲೂರಿ ಸವೆಸಿದ ಹಾಸುಗಲ್ಲುಗಳು.

ನಾವು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ನಮ್ಮಲ್ಲಿ ಸಂಜೆಯ ಜಪಮಾಲೆ ಮುಗಿದ ಮೇಲೆ ಕಿರಿಯರು ಕೈಜೋಡಿಸಿ ಹಿರಿಯರ ಬೆಸಾಂವ್, ಎಂದರೆ ಆಶೀರ್ವಾದ, ಬೇಡಬೇಕು. ಬೇಡಿದರಷ್ಟೇ ಹಿರಿಯರು 'ದೇವ್ ಬರೆಂ ಕರುಂ', ದೇವರು ಒಳ್ಳೆಯದು ಮಾಡಲಿ, ಎನ್ನುವುದು. ನಾನು ಧಾರವಾಡದ ಹಿಂದೂ ಡಾಕ್ಟರನ್ನು ಮದುವೆಯಾದಂದಿನಿಂದ ಅಮ್ಮ ನನಗೆ ಆ ಮಾತು ಹೇಳಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕೊನೆಗೂ ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಮನೆಗೆ ಬಂದಳು. ಇನ್ನೇನು ಮನಸ್ಸು ಕರಗಿತು ಎನ್ನುವಷ್ಟರಲ್ಲಿ ಲಕ್ವ ಹೊಡೆದು ಮಾತು ನಿಂತುಹೋಯಿತು. ನಾನು ದಿನವೂ ಬೇಡುತ್ತಿದ್ದೆ, ಅವಳು ಸುಮ್ಮನೆ ನೋಡುತ್ತಿದ್ದಳು. ಪಾಪ, ಹೇಳಲು ಆಗುತ್ತಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಒಂದು ಶನಿವಾರ ಗಂಡನಿಗೆ ಡ್ಯೂಟಿ. ಬೇರೆ ದಾರಿಯಿಲ್ಲದೆ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೆಲಸಕ್ಕೇ ಕರೆದೊಯ್ದೆ. ನೆಲದ ಮೇಲೆ ಸಾಲಾಗಿ ಹರವಿದ್ದ ಹಾಸುಗಲ್ಲುಗಳ ಎದುರು ಅವಳನ್ನು ಕೂರಿಸಿ, ನನ್ನ ಮೇಜಿನ ಕಡೆ ತಿರುಗಿ ಚಿತ್ರ ಬರೆಯುತ್ತಿದ್ದೆ. ಬೆನ್ನ ಹಿಂದೆ ಸ್ಪಷ್ಟವಾಗಿ ಕೇಳಿಸಿತು.

"ದೇವ್ ಬರೆಂ ಕರುಂ."

ಅಮ್ಮ ಸ್ವಾಧೀನವಿದ್ದ ಎಡಗೈ ಚಾಚಿ, ಮೊಣಕಾಲೂರಿದವರ ತಲೆಯಷ್ಟು ಎತ್ತರದಲ್ಲಿ ಹಿಡಿದಿದ್ದಳು. ಕೈಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ಅದೇ ಮಾತು. ಒಂದೊಂದು ಕಲ್ಲಿನ ಮೇಲೂ ಹಾಗೆಯೇ, ಸಾಲು ಮುಗಿಯುವವರೆಗೆ. ಉಗ್ರಾಣ ನೋಡಿಕೊಳ್ಳುವ ಹೆಲೆನ್ ಬಾಗಿಲಲ್ಲಿ ನಿಂತು, ನಿಮ್ಮ ತಾಯಿ ಯಾರ ಜೊತೆ ಮಾತಾಡುತ್ತಿದ್ದಾರೆ ಎಂದು ಕೇಳಿದಳು.

ನಾನು ಓಡಿಹೋಗಿ ಸಾಲಿನ ಕೊನೆಯಲ್ಲಿ ಮೊಣಕಾಲೂರಿದೆ. "ಮಾಂಯ್, ಮ್ಹಾಕಾಯ್ ಬೆಸಾಂವ್ ದಿ," ನನಗೂ ಕೊಡು ಎಂದೆ. ಅಮ್ಮ ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಕೈಯನ್ನು ಮಡಿಲಿಗೆ ಇಳಿಸಿಕೊಂಡಳು.

"ಲಕ್ವ ಹೊಡದವ್ರಿಗೆ ರೂಢಿ ಮಾತು ಒಮ್ಮೊಮ್ಮೆ ತಾನಾಗೇ ಬರ್ತದ, ಮನಸ್ಸಿಗೆ ಹಚ್ಕೋಬ್ಯಾಡ," ಎಂದರು, ರಾತ್ರಿ ಮನೆಗೆ ಬಂದು ನಡೆದದ್ದನ್ನು ಕೇಳಿದ ನನ್ನ ಗಂಡ. ಇರಬಹುದು. ತಾನಾಗಿ ಬಂದ ಮಾತು ನಾನು ಬೇಡಿದಾಗ ಏಕೆ ಬರಲಿಲ್ಲ ಎಂದು ಅವರನ್ನು ಕೇಳಲಿಲ್ಲ.

ಚಳಿಗಾಲ ಮುಗಿಯುವ ಮುಂಚೆ ಅಮ್ಮ ಹೋದಳು, ಅಲ್ಲಿಯವರೆಗೂ ಮತ್ತೆ ಮಾತಾಡಲೇ ಇಲ್ಲ. ಆ ದಿನ ಅವಳ ಮುಂದೆ ಮೊಣಕಾಲೂರಿ ಬೇಡಿದವರು ಯಾರೋ, ಯಾರಾದರೂ ಇದ್ದರೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ಇದ್ದರೆ ಇರಲಿ, ಅವರಿಗೆ ಒಳ್ಳೆಯದಾಗಲಿ. ಆದರೆ ಅವರು ಬೇಡುವವರೆಗೆ, ಅಮ್ಮನಿಗೆ ಮಾತು ಬರುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ.